ಸಿಮೆಂಟ್ ಹೊತ್ತ ಹಡಗು ಅರಮನೆಯಾಗುವ ಬಗೆ

ನಮ್ಮ ಕಾಕಾ ಇಪ್ಪತ್ತೆಂಟು ವರ್ಷ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಮೆಂಟ್ ಬಲ್ಕರ್, ಅಂದರೆ ಪುಡಿ ಸಿಮೆಂಟ್ ಒಯ್ಯುವ ಟ್ಯಾಂಕರ್ ಲಾರಿ, ಓಡಿಸಿದವರು. ಈ ಸಲ ರಜೆಗೆ ಊರಿಗೆ ಹೋದಾಗ ಫೋನಿನಲ್ಲಿದ್ದ ಎರಡು ಚಿತ್ರಗಳನ್ನು ಅವರಿಗೆ ತೋರಿಸಿದೆ. ಒಂದರಲ್ಲಿ ಕೆಂಪು ಬಣ್ಣದ ಕೆಲಸದ ಹಡಗು. ಮುಂದುಗಡೆ ಎತ್ತರದ ಕೋಣೆಗಳ ಗುಂಪು, ಹಿಂದೆಲ್ಲ ಕಣದ ಹಾಗೆ ಬಟಾಬಯಲು. ಇನ್ನೊಂದರಲ್ಲಿ ಬೂದು ಬಣ್ಣದ, ನಾಲ್ಕಂತಸ್ತಿನ, ಬೆನ್ನ ಮೇಲೆ ಹೆಲಿಕಾಪ್ಟರ್ ಕೂತಿದ್ದ ವಿಹಾರ ನೌಕೆ. ಎರಡೂ ಒಂದೇ ಹಡಗು ಎಂದೆ. ಕಾಕಾ ಚಿತ್ರ ಹಿಗ್ಗಿಸಿ, ಹಿಂದೆ ಮುಂದೆ ಸರಿಸಿ ನೋಡಿ ಕೇಳಿದರು: “ತಮ್ಮಾ, ಹಳೇ ಲಾರಿ ತಗೊಂಡು ಬಂಗಲೆ ಮಾಡ್ಯಾರ ಅಂದಂಗಾತು. ಹೊಸಾ ಬಂಗಲೆ ಕಟ್ಟೂದೇ ಸಸ್ತಾ ಬೀಳಂಗಿಲ್ಲೇನು?”

ನಾನು ಶಿಪ್‌ಯಾರ್ಡಿನಲ್ಲಿ ಹಡಗುಗಳ ತೂಕ ಮತ್ತು ಸ್ಥಿರತೆಯ ಲೆಕ್ಕ ಹಾಕುವವನು. ಕಾಕಾ ಕೇಳಿದ ಪ್ರಶ್ನೆಯ ಸುತ್ತಲೇ ನನ್ನ ದಿನದ ಕೆಲಸ ತಿರುಗುತ್ತದೆ. ಅಂದು ಅಂಗಳದಲ್ಲಿ ಕೂತು ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಬಲ್ಕರ್ ಹೇಗೆ ಕೆಲಸ ಮಾಡುತ್ತದೆಂದು ವಾಡಿ, ಸೇಡಂ, ಶಹಾಬಾದ್ ಕಡೆಯವರಿಗೆ ಹೇಳಬೇಕಾಗಿಲ್ಲ. ಟ್ಯಾಂಕಿನೊಳಗೆ ಗಾಳಿ ಒತ್ತಿದರೆ ಸಿಮೆಂಟ್ ಪುಡಿ ನೀರಿನ ಹಾಗೆ ಪೈಪಿನಲ್ಲಿ ಹರಿದು ಸೈಲೋ ಎಂಬ ಎತ್ತರದ ಕಣಜ ಸೇರುತ್ತದೆ. ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವವರಿಗೂ ಸಿಮೆಂಟ್ ಬೇಕು. ಕೊರೆದ ತೂತಿಗೆ ಉಕ್ಕಿನ ಪೈಪು ಇಳಿಸಿ, ಪೈಪಿಗೂ ಬಂಡೆಗೂ ನಡುವಿನ ಸಂದಿಯನ್ನು ಸಿಮೆಂಟಿನಿಂದ ತುಂಬುತ್ತಾರೆ. ಆ ಸಿಮೆಂಟನ್ನು ದಡದಿಂದ ಒಯ್ಯುವ ಹಡಗಿನ ಹೊಟ್ಟೆಯಲ್ಲಿಯೂ ಬಲ್ಕರಿನಂಥ ಟ್ಯಾಂಕುಗಳೇ ಇರುತ್ತವೆ, ಅಲ್ಲಿಯೂ ಗಾಳಿಯಿಂದಲೇ ತಳ್ಳುತ್ತಾರೆ. ಪಕ್ಕದ ಟ್ಯಾಂಕುಗಳಲ್ಲಿ ಡೀಸೆಲ್, ಕುಡಿಯುವ ನೀರು, ಬಾವಿ ಕೊರೆಯಲು ಬೇಕಾದ ರಾಡಿ ದ್ರವ. ಮೇಲಿನ ಬಯಲು ಡೆಕ್ಕಿನ ಮೇಲೆ ನೂರಾರು ಟನ್ ಪೈಪು, ಕಂಟೇನರು, ಯಂತ್ರದ ಭಾಗಗಳು. ಇದಕ್ಕೆ ಪೂರೈಕೆ ಹಡಗು ಎನ್ನುತ್ತಾರೆ. ಕಾಕಾನ ಕಣ್ಣಿಗೆ ಅದು ಲಾರಿಯಂತೆ ಕಂಡದ್ದು ಸರಿಯೇ. ಅದು ಸಮುದ್ರದ ಲಾರಿಯೇ.

ಇಂಥ ಲಾರಿ ಯಾರಿಗೆ ಬೇಕು? ದುಡ್ಡಿರುವವರ ಸಾಮಾನ್ಯ ಯಾಟ್, ಅಂದರೆ ವಿಹಾರ ನೌಕೆ, ಬೆಚ್ಚಗಿನ ತಿಳಿ ನೀರಿನಲ್ಲಿ, ಬಂದರಿನಿಂದ ಬಂದರಿಗೆ ಸುಳಿದಾಡುತ್ತದೆ. ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್, ಪೆಸಿಫಿಕ್‌ನ ಒಂಟಿ ದ್ವೀಪಗಳಿಗೆ ಹೋಗುವವರಿಗೆ ಅದು ಸಾಲದು. ವಾರಗಟ್ಟಲೆ ಬಂದರು ಮುಟ್ಟದೆ ಓಡಲು ಡೀಸೆಲ್ ಬೇಕು, ಸಣ್ಣ ದೋಣಿಗಳನ್ನೂ ಒಮ್ಮೊಮ್ಮೆ ಜಲಾಂತರ್ಗಾಮಿಯನ್ನೂ ಎತ್ತಿ ಇಳಿಸುವ ಕ್ರೇನ್ ಬೇಕು, ಬಿರುಗಾಳಿಯಲ್ಲಿ ಜಾಗ ಬಿಡದೆ ನಿಲ್ಲುವ ತಾಕತ್ತು ಬೇಕು. ಇವೆಲ್ಲ ಪೂರೈಕೆ ಹಡಗಿಗೆ ಹುಟ್ಟಿನಿಂದಲೇ ಬಂದಿರುತ್ತವೆ. ಉತ್ತರ ಸಮುದ್ರದ ಚಳಿಗಾಲದಲ್ಲಿ ಎಣ್ಣೆ ಬಾವಿಯ ಪಕ್ಕ ಗಂಟೆಗಟ್ಟಲೆ ನಿಂತು ಸಾಮಾನು ಇಳಿಸಿದ ಹಡಗು ಅದು. ನಿಲ್ಲುವುದೆಂದರೆ ಲಂಗರು ಹಾಕಿಯಲ್ಲ. ಉಪಗ್ರಹದ ಸಂಕೇತ ಓದಿ, ನಾಲ್ಕೂ ಕಡೆಯ ಪ್ರೊಪೆಲ್ಲರುಗಳನ್ನು ಕಂಪ್ಯೂಟರಿನಿಂದಲೇ ನಡೆಸಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಹವಳದ ದಿಬ್ಬದ ಮೇಲೆ ಲಂಗರು ಬಿಡುವುದು ತಪ್ಪೆಂದು ಈಗ ಎಲ್ಲರೂ ಬಲ್ಲರು, ಹಾಗಾಗಿ ಈ ವಿದ್ಯೆ ವಿಹಾರ ನೌಕೆಗೂ ಒದಗಿ ಬರುತ್ತದೆ.

ಇನ್ನೊಂದು ಕಾರಣ ಬೆಲೆ. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರಲ್ಲಿಗೆ ನೂರು ಡಾಲರ್ ದಾಟಿತ್ತು, 2016ರ ಆರಂಭಕ್ಕೆ ಮೂವತ್ತಕ್ಕಿಂತ ಕೆಳಗಿಳಿಯಿತು. ಹೊಸ ಬಾವಿ ಕೊರೆಯುವುದು ನಿಂತಿತು, ಪೂರೈಕೆ ಹಡಗುಗಳು ಸಾಲುಸಾಲಾಗಿ ಕೆಲಸವಿಲ್ಲದೆ ದಡ ಹಿಡಿದವು. ಎಷ್ಟೋ ಹಡಗುಗಳಿಗೆ ವಯಸ್ಸೇ ಆಗಿರಲಿಲ್ಲ. ಕೊಳ್ಳುವವರಿಲ್ಲದ ಹಡಗಿಗೆ ಕಡೆಗೆ ಉಳಿಯುವ ದಾರಿ ಗುಜರಾತಿನ ಅಲಂಗ್‌ನಂಥ ಒಡೆಯುವ ತೀರ. 1983ರಿಂದ ಆ ಮರಳ ದಂಡೆಯ ಮೇಲೆ ಹಡಗುಗಳನ್ನು ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಗಟ್ಟಿಮುಟ್ಟಾದ ಹಡಗೊಂದು ಅತ್ತ ಹೋಗುವುದನ್ನು ನೋಡಿದಾಗ ನನಗೆ ದುಡಿಯುವ ಎತ್ತನ್ನು ಕಟುಕನಿಗೆ ಕೊಟ್ಟಷ್ಟು ಸಂಕಟವಾಗುತ್ತದೆ. ಮಾರ್ಪಾಡಿನ ಕೆಲಸ ನನಗೆ ಇಷ್ಟವಾಗಿರುವುದು ಇದಕ್ಕೇ.

ಈ ಆಲೋಚನೆ ಹೊಸದಲ್ಲ. ಕೆನಡಾದಲ್ಲಿ 1943ರಲ್ಲಿ ಕಟ್ಟಿದ ‘ಸ್ಟಾರ್ಮಾಂಟ್’ ಎಂಬ ಯುದ್ಧನೌಕೆ ನಾರ್ಮಂಡಿ ದಾಳಿಯಲ್ಲಿ ಪಾಲ್ಗೊಂಡು, ಯುದ್ಧ ಮುಗಿದ ಮೇಲೆ ಬೇಡವಾಗಿ ಕೂತಿತ್ತು. ಗ್ರೀಸಿನ ಹಡಗು ಧಣಿ ಅರಿಸ್ಟಾಟಲ್ ಒನಾಸಿಸ್ 1954ರಲ್ಲಿ ಅದನ್ನು ಗುಜರಿ ಬೆಲೆಗೆ, 34 ಸಾವಿರ ಡಾಲರಿಗೆ ಕೊಂಡ. ಜರ್ಮನಿಯ ಕೀಲ್‌ನಲ್ಲಿ ಅದನ್ನು ವಿಹಾರ ನೌಕೆಯಾಗಿಸಲು ಸುಮಾರು 40 ಲಕ್ಷ ಡಾಲರ್ ಸುರಿದ. ಮಗಳ ಹೆಸರಿಟ್ಟು ‘ಕ್ರಿಸ್ಟಿನಾ’ ಎಂದು ಕರೆದ. ಕಾಕಾನ ಪ್ರಶ್ನೆಗೆ ಅರ್ಧ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ: ಹಡಗಿಗೆ ಕೊಟ್ಟದ್ದರ ನೂರು ಪಟ್ಟಿಗಿಂತ ಹೆಚ್ಚು ಅದನ್ನು ಬದಲಿಸಲು ಹೋಯಿತು. ಎಲ್ಲ ಹಡಗಿಗೂ ಇದೇ ಲೆಕ್ಕವಿರುವುದಿಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು ಮೊದಲು ಮರೆಯುವುದು ಇದನ್ನೇ. ಉಕ್ಕಿನ ಒಡಲು ಒಟ್ಟು ಖರ್ಚಿನ ಒಂದು ಪಾಲು ಮಾತ್ರ. ನಿಜವಾದ ಲಾಭ ಹೆಚ್ಚಾಗಿ ಸಮಯದಲ್ಲಿ. ದೊಡ್ಡ ಯಾಟನ್ನು ಮೊದಲಿನಿಂದ ಕಟ್ಟಿಸಲು ಮೂರು ನಾಲ್ಕು ವರ್ಷ ಕಾಯಬೇಕು. ಇಲ್ಲಿ ಒಡಲು, ಎಂಜಿನ್, ಜನರೇಟರ್ ಮೊದಲೇ ಇವೆ, ಸಮುದ್ರದಲ್ಲಿ ಪರೀಕ್ಷೆಯಾಗಿವೆ.

ಇದೇ ಕಾಲದ ಇನ್ನೊಂದು ಹಡಗು ನನ್ನ ಮೆಚ್ಚಿನದು. ಅಮೆರಿಕದ ಸಿಯಾಟಲ್‌ನಲ್ಲಿ 1942ರಲ್ಲಿ ಕಟ್ಟಿದ, ನೀರಿನಡಿಯ ಬಾಂಬು ಗುಡಿಸುವ ಮರದ ಹಡಗು ಅದು. ಯುದ್ಧದ ನಂತರ ಮಾಲ್ಟಾದಲ್ಲಿ ಜನರನ್ನು ದಾಟಿಸುವ ಫೆರಿಯಾಯಿತು. 1950ರಲ್ಲಿ ಬ್ರಿಟನ್ನಿನ ಶ್ರೀಮಂತ ಲೋಯಲ್ ಗಿನ್ನೆಸ್ ಅದನ್ನು ಕೊಂಡು, ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಫ್ರಾನ್ಸಿನ ಸಮುದ್ರಶೋಧಕ ಜಾಕ್ ಕೂಸ್ತೋ ಅವರಿಗೆ ಕೊಟ್ಟರು. ಅದೇ ‘ಕ್ಯಾಲಿಪ್ಸೊ’. ಮೂತಿಯ ಕೆಳಗೆ, ನೀರಿನೊಳಗೆ ಕೂತು ಮೀನು ನೋಡುವ ಗೂಡೊಂದನ್ನು ಸೇರಿಸಿದರು. ಒನಾಸಿಸ್ ಹಡಗಿನಲ್ಲಿ ಅರಮನೆ ಕಂಡ, ಕೂಸ್ತೋ ಕಿಟಕಿ ಕಂಡರು. ದೂರದ, ಒರಟು ಕಡಲಿಗೂ ಹೋಗಬಲ್ಲ ಇಂದಿನ ‘ಎಕ್ಸ್‌ಪ್ಲೋರರ್ ಯಾಟ್’ ಇವೆರಡರ ಕೂಸು.

ಈಗ ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ಕಾಕಾನನ್ನು ಕೇಳಿದೆ, ತುಂಬಿದ ಬಲ್ಕರ್ ಓಡಿಸೋದು ಸುಖವೋ, ಖಾಲಿಯದೋ? ಅವರು ಯೋಚಿಸಲೇ ಇಲ್ಲ. “ಲೋಡ್ ಇದ್ದರ ಗಾಡಿ ತೂಗ್ಕೊಂಡು ಹೋಗ್ತದ. ಖಾಲಿ ಇದ್ದರ ಕುಣೀತದ, ನಡ ಮುರೀತದ.” ಲಾರಿಯ ಪಟ್ಟಿಗಳನ್ನು ಮೂವತ್ತು ಟನ್ ಹೊರಲೆಂದು ಬಿಗಿಯಾಗಿ ಕಟ್ಟಿರುತ್ತಾರೆ. ಭಾರ ಇಳಿದರೂ ಬಿಗಿ ಇಳಿಯುವುದಿಲ್ಲ. ಪೂರೈಕೆ ಹಡಗಿನ ಕಥೆ ಫಲದಲ್ಲಿ ಇದೇ, ಕಾರಣದಲ್ಲಿ ಸ್ವಲ್ಪ ಬೇರೆ.

ನೀರಿನ ಮೇಲೆ ವಾಲಿದ ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಎರಡು ಬಲಗಳ ಜಗ್ಗಾಟ. ಹಡಗಿನ ತೂಕ ತನ್ನ ಗುರುತ್ವ ಕೇಂದ್ರದಲ್ಲಿ ಕೆಳಕ್ಕೆ ಎಳೆಯುತ್ತದೆ. ನೀರು, ಹಡಗಿನ ಮುಳುಗಿದ ಭಾಗದ ನಡುಬಿಂದುವಿನಿಂದ, ಮೇಲಕ್ಕೆ ತಳ್ಳುತ್ತದೆ. ಹಡಗು ವಾಲಿದಾಗ ಆ ಕಡೆ ಹೆಚ್ಚು ಮುಳುಗುವುದರಿಂದ ನೀರಿನ ತಳ್ಳುವಿಕೆಯೂ ಆ ಕಡೆಗೆ ಸರಿಯುತ್ತದೆ, ಸರಿದು ಹಡಗನ್ನು ಹಿಂದಕ್ಕೆ ತಿರುಗಿಸುತ್ತದೆ. ಹಡಗು ಅಗಲವಾಗಿದ್ದಷ್ಟೂ, ಭಾರ ಕೆಳಗಿದ್ದಷ್ಟೂ ಈ ತಿರುಗಿಸುವ ಬಲ ಜೋರು. ಯಾದಗಿರಿ ಕಡೆ ಕೃಷ್ಣೆಯಲ್ಲಿ ಹರಗೋಲು ಹತ್ತಿದವರಿಗೆ ಇದು ಮೈಗೇ ಗೊತ್ತು. ಎಲ್ಲರೂ ತಳದಲ್ಲಿ ಕೂತರೆ ಅದು ಕದಲದು, ಇಬ್ಬರು ಎದ್ದು ನಿಂತರೆ ಅಂಬಿಗ ಗದರುತ್ತಾನೆ. ಈ ಜೋರನ್ನು ನಾವು ಒಂದು ಉದ್ದದಲ್ಲಿ, ಮೀಟರುಗಳಲ್ಲಿ ಅಳೆಯುತ್ತೇವೆ. ಅದರ ಹೆಸರು ಮೆಟಾಸೆಂಟ್ರಿಕ್ ಎತ್ತರ. ಇಲ್ಲಿ ಅದನ್ನು ಹಡಗಿನ ಬಿಗಿ ಎಂದೇ ಕರೆಯೋಣ.

ಪೂರೈಕೆ ಹಡಗು ಡೆಕ್ಕಿನ ಮೇಲೆ ನೂರಾರು ಟನ್ ಹೊರಬೇಕಾದ್ದರಿಂದ ಅದನ್ನು ಅಗಲವಾಗಿ, ಬಿಗಿಯನ್ನು ಧಾರಾಳವಾಗಿ ಕೊಟ್ಟು ಕಟ್ಟಿರುತ್ತಾರೆ. ಡೆಕ್ಕು ಖಾಲಿಯಾದಾಗ ಆ ಬಿಗಿ ಅತಿಯಾಗುತ್ತದೆ. 16 ಮೀಟರ್ ಅಗಲದ ಹಡಗಿಗೆ 4 ಮೀಟರ್ ಬಿಗಿ ಇದೆ ಎನ್ನಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗಿ ಮರಳಲು ಅದಕ್ಕೆ ಸರಿಸುಮಾರು ಆರೂವರೆ ಸೆಕೆಂಡು ಸಾಕು. ಅಂದರೆ ನೆಟ್ಟಗೆ ನಿಲ್ಲುವ ಆತುರದಲ್ಲಿ ಪ್ರತಿ ಅಲೆಗೂ ಎಗರುತ್ತದೆ, ಊಟದ ತಟ್ಟೆ ಹಾರುತ್ತದೆ. ಬಿಗಿಯನ್ನು 1 ಮೀಟರಿಗೆ ಇಳಿಸಿದರೆ ಅದೇ ತೂಗಾಟಕ್ಕೆ ಹದಿಮೂರು ಸೆಕೆಂಡಿನಷ್ಟು ಹಿಡಿಯುತ್ತದೆ, ತೊಟ್ಟಿಲ ಲಯ ಬರುತ್ತದೆ. ಹಡಗು ಮುಳುಗದಿರಲು ಬೇಕಾದ ಗುಣವೇ ಅತಿಯಾದಾಗ ಮನುಷ್ಯನಿಗೆ ಹಿಂಸೆಯಾಗುತ್ತದೆ ಎಂಬುದನ್ನು ಕಾಲೇಜಿನಲ್ಲಿ ಮೊದಲ ಸಲ ಕಲಿತಾಗ ನಾನು ನಂಬಿರಲಿಲ್ಲ.

ಹಾಗಾದರೆ ಖಾಲಿ ಡೆಕ್ಕಿನ ಮೇಲೆ ನಾಲ್ಕು ಅಂತಸ್ತು ಏರಿಸಿದರೆ ಬಿಗಿ ತಾನಾಗಿ ಇಳಿಯಿತಲ್ಲ? ಹೌದು, ಕೆಲಸದ ಹಡಗು ಯಾಟ್ ಆಗಲು ಒಗ್ಗುವುದು ಈ ಕಾರಣಕ್ಕೇ. ಪೈಪು ಹೊರಲು ಇಟ್ಟಿದ್ದ ಶಕ್ತಿಯನ್ನು ಕೋಣೆಗಳಿಗೆ ಕೊಡುತ್ತೇವೆ. ಅಪಾಯ ಇರುವುದು ಎಲ್ಲಿ ನಿಲ್ಲಿಸಬೇಕೆಂಬಲ್ಲಿ. ಪೈಪು ಡೆಕ್ಕಿಗೆ ಅಂಟಿ ಮಲಗಿತ್ತು, ನಾಲ್ಕನೇ ಅಂತಸ್ತು ಅದಕ್ಕಿಂತ ಹತ್ತು ಮೀಟರ್ ಮೇಲಿದೆ. ತಳದಲ್ಲಿದ್ದ ಸಿಮೆಂಟು, ರಾಡಿ ಇನ್ನು ಇಲ್ಲ. ತಳದಲ್ಲಿ ಉಳಿದ ಡೀಸೆಲ್ಲೂ ಪ್ರಯಾಣ ಸಾಗಿದಂತೆ ಕರಗುತ್ತದೆ. ಹೊರಡುವ ದಿನ ಸರಿಯಿದ್ದ ಹಡಗು ಮೂವತ್ತನೇ ದಿನ, ಟ್ಯಾಂಕು ಬರಿದಾದಾಗ, ತಲೆಭಾರವಾಗಬಹುದು. ಆದ್ದರಿಂದ ಲೆಕ್ಕವನ್ನು ಕೊನೆಯ ದಿನಕ್ಕೆ ಹಾಕಬೇಕು.

ಇನ್ನೊಂದು ಶತ್ರು ಅರ್ಧ ತುಂಬಿದ ನೀರು. ಬೇಸಿಗೆಯಲ್ಲಿ ಕಲಬುರಗಿಯ ಓಣಿಗಳಿಗೆ ಬರುವ ನೀರಿನ ಟ್ಯಾಂಕರ್ ಅರ್ಧ ಖಾಲಿಯಾಗಿ ತಿರುವು ತೆಗೆದುಕೊಳ್ಳುವಾಗ ಹೇಗೆ ತೊನೆಯುತ್ತದೆಂದು ನೋಡಿದ್ದೀರಿ. ಒಳಗಿನ ನೀರು ವಾಲಿದ ಕಡೆಗೇ ಓಡುತ್ತದೆ. ಮೇಲಂತಸ್ತಿನ ಈಜುಕೊಳವೂ ಅಂಥದೇ ಟ್ಯಾಂಕು. ಆದ್ದರಿಂದ ಸಮುದ್ರ ಕೆಣಕಿದಾಗ ಕೊಳವನ್ನು ಬೇಗನೆ ಬರಿದು ಮಾಡುವ ಏರ್ಪಾಡು ಇರಬೇಕು. ಒನಾಸಿಸ್‌ನ ಕೊಳದ ಮೊಸಾಯಿಕ್ ತಳ ಮೇಲೆದ್ದು ನೃತ್ಯದ ವೇದಿಕೆಯಾಗುತ್ತಿತ್ತು. ಜನ ಅದನ್ನು ಶ್ರೀಮಂತಿಕೆಯ ಚಮತ್ಕಾರವಾಗಿ ನೆನೆಯುತ್ತಾರೆ, ನಾನು ಮೊದಲು ಕೇಳುವುದು ನೀರು ಎಲ್ಲಿಗೆ ಹೋಯಿತೆಂದು.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಒಂದು ಹಳೆಯ ಪ್ರಯೋಗದ ಮೇಲೆ. ನೀರು ನಿಶ್ಚಲವಾಗಿರುವ ದಿನ, ಬೇಡದವರನ್ನೆಲ್ಲ ಹಡಗಿನಿಂದ ಇಳಿಸಿ, ತೂಕ ಗೊತ್ತಿರುವ ಕಬ್ಬಿಣದ ಗಟ್ಟಿಗಳನ್ನು ಡೆಕ್ಕಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾರೆ. ಒಳಗೆ ಗೌಂಡಿ ಗೋಡೆಗೆ ಹಿಡಿಯುವಂಥ ಗುಂಡನ್ನು ಉದ್ದ ದಾರಕ್ಕೆ ಕಟ್ಟಿ ಇಳಿಬಿಟ್ಟಿರುತ್ತಾರೆ. 3,000 ಟನ್ನಿನ ಹಡಗಿನಲ್ಲಿ 10 ಟನ್ನನ್ನು 8 ಮೀಟರ್ ಸರಿಸಿದಾಗ, 5 ಮೀಟರ್ ದಾರದ ಗುಂಡು 6.7 ಸೆಂಟಿಮೀಟರ್ ಸರಿದರೆ ಬಿಗಿ 2 ಮೀಟರ್. ಕಂಪ್ಯೂಟರು ಎಷ್ಟೇ ಬೆಳೆದರೂ ಹಡಗು ತನ್ನ ತೂಕದ ನಿಜ ಹೇಳುವುದು ಈ ದಾರಕ್ಕೇ. ಮಾರ್ಪಾಡಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಇದನ್ನು ಮಾಡುತ್ತಾರೆ. ಹಳೆ ಹಡಗಿನ ಕಾಗದದಲ್ಲಿ ಬರೆದ ತೂಕಕ್ಕೂ ಇದ್ದ ತೂಕಕ್ಕೂ ತಾಳೆಯಾಗದಿರುವುದು ಹೊಸದೇನಲ್ಲ. ವರ್ಷಗಟ್ಟಲೆ ಬಳಿದ ಬಣ್ಣ, ಬೆಸೆದ ಪಟ್ಟಿ, ತೆಗೆಯದೆ ಬಿಟ್ಟ ಕೇಬಲ್ಲು ಎಲ್ಲ ಸೇರಿಕೊಂಡಿರುತ್ತವೆ.

ಇದರಿಂದ ಅಲಂಕಾರದವರಿಗೂ ನಮಗೂ ದಿನಾ ತಿಕ್ಕಾಟ. ನಮ್ಮ ಶಹಾಬಾದ್ ಫರಸಿಯನ್ನೇ ತೆಗೆದುಕೊಳ್ಳಿ. ಇಂಚು ದಪ್ಪದ ಕಲ್ಲು ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ. ಮನೆಯ ನೆಲಕ್ಕೆ ಅದು ತಂಪು, ಲೆಕ್ಕಕ್ಕೇ ಬಾರದ ಭಾರ. 500 ಚದರ ಮೀಟರ್ ಕಲ್ಲನ್ನು ಮೇಲಂತಸ್ತಿಗೆ ಹಾಸಿದರೆ 32 ಟನ್ ತಲೆಭಾರ. ಹೀಗಾಗಿ ಹಡಗಿನಲ್ಲಿ ಕಲ್ಲನ್ನು ಕೆಲವೇ ಮಿಲಿಮೀಟರಿಗೆ ಸೀಳಿ, ಜೇನುಗೂಡಿನಂಥ ಅಲ್ಯೂಮಿನಿಯಂ ಹಲಗೆಗೆ ಅಂಟಿಸುತ್ತಾರೆ. ಮೇಲಿನ ಅಂತಸ್ತುಗಳನ್ನೂ ಉಕ್ಕಿನ ಬದಲು ಅಲ್ಯೂಮಿನಿಯಂನಲ್ಲಿ ಕಟ್ಟುವುದುಂಟು. ಘನ ಮೀಟರಿಗೆ ಉಕ್ಕು 7.85 ಟನ್ನಾದರೆ ಅಲ್ಯೂಮಿನಿಯಂ 2.7 ಟನ್. ಆದರೆ ಎರಡನ್ನೂ ನೇರ ಬೆಸೆಯಲು ಬಾರದು, ಉಪ್ಪು ನೀರಿನಲ್ಲಿ ಉಕ್ಕಿಗೆ ತಾಗಿದ ಅಲ್ಯೂಮಿನಿಯಂ ಸವೆದು ಹೋಗುತ್ತದೆ. ಸ್ಫೋಟದ ಒತ್ತಡದಿಂದ ಉಕ್ಕನ್ನೂ ಅಲ್ಯೂಮಿನಿಯಮನ್ನೂ ಒಂದಾಗಿಸಿದ ಪಟ್ಟಿಯೊಂದನ್ನು ನಡುವೆ ಇಟ್ಟು, ಆಯಾ ಲೋಹವನ್ನು ಆಯಾ ಬದಿಗೆ ಬೆಸೆಯುತ್ತಾರೆ.

ಹೊರಮೈ ಇನ್ನೊಂದು ಪಂಚಾಯಿತಿ. ದುಡಿದ ಹಡಗಿನ ತಗಡು ಅಲೆಯ ಪೆಟ್ಟಿಗೆ, ಬೆಸುಗೆಯ ಸೆಳೆತಕ್ಕೆ ಒಳಗಿನ ಪಕ್ಕೆಲುಬುಗಳ ನಡುವೆ ತಗ್ಗಾಗಿರುತ್ತದೆ. ಸಂಜೆಯ ಓರೆ ಬೆಳಕಿನಲ್ಲಿ ಎಲುಬು ಎಣಿಸಬಹುದು. ಹಡಗಿನವರ ಬಾಯಲ್ಲಿ ಇದಕ್ಕೆ ಹಸಿದ ಕುದುರೆ ಎಂದೇ ಹೆಸರು. ಈ ಮಾತು ಕೇಳಿದಾಗಲೆಲ್ಲ ನನಗೆ ಬೀದರ ನೆನಪಾಗುತ್ತದೆ. ಬಹಮನಿ ಕಾಲದಲ್ಲಿ ನಮ್ಮ ಸೀಮೆಗೆ ಸಮುದ್ರದಿಂದ ಬರುತ್ತಿದ್ದ ದೊಡ್ಡ ಸರಕು ಕುದುರೆಯೇ. 1470ರ ಆಸುಪಾಸಿನಲ್ಲಿ ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಕುದುರೆಗಳಿದ್ದ ಹಡಗಿನಲ್ಲಿ ಹೊರಟು, ಚೌಲ್ ಬಂದರಿನಲ್ಲಿ ಇಳಿದು, ತನ್ನ ಗಂಡು ಕುದುರೆಯನ್ನು ಬೀದರಿನಲ್ಲಿ ಮಾರಿದ. ಕಡಲು ಕಾಣದ ನಾಡಾದರೂ ಹಡಗು ನಮಗೆ ಅಪರಿಚಿತವಲ್ಲ. ಅದಿರಲಿ, ಹೊಳೆಯುವ ಯಾಟ್ ಬೇಕೆನ್ನುವವರು ಈ ಎಲುಬುಗಳ ನಡುವಿನ ತಗ್ಗಿಗೆಲ್ಲ ಲಪ್ಪಿ, ಅಂದರೆ ಪುಟ್ಟಿ, ತುಂಬಿ, ಉಜ್ಜಿ, ಕನ್ನಡಿಯಂತೆ ಮಾಡಿಸುತ್ತಾರೆ. ಅದೂ ಟನ್ನುಗಟ್ಟಲೆ ತೂಕ, ತಿಂಗಳುಗಟ್ಟಲೆ ಕೂಲಿ. ಮಂಜುಗಡ್ಡೆ ಉಜ್ಜುವ ಜಾಗದಲ್ಲಿ ಅದು ಉದುರಿ ಹೋಗುತ್ತದೆ. ಕೆಲಸ ಮಾಡಿದ ಮುಖವನ್ನು ಹಾಗೇ ಬಿಡುವುದೇ ಚೆಂದ ಎಂಬುದು ನನ್ನ ಅಭಿಪ್ರಾಯ. ಸೋವಿಯತ್ ಒಕ್ಕೂಟಕ್ಕಾಗಿ 1974ರಲ್ಲಿ ಹಾಲೆಂಡಿನಲ್ಲಿ ಕಟ್ಟಿದ, ಹಿಮ ಒಡೆದು ಹಡಗು ಎಳೆಯುತ್ತಿದ್ದ ಟಗ್ಗೊಂದು ಈಗ 77 ಮೀಟರಿನ ‘ಲೆಜೆಂಡ್’ ಎಂಬ ಯಾಟ್. ಹಿಮದ ಕಡಲಿನ ಪೂರೈಕೆ ಹಡಗೊಂದು 2020ರಲ್ಲಿ 68 ಮೀಟರಿನ ‘ರಾಗ್ನಾರ್’ ಆಯಿತು. ಎರಡರ ಮೇಲೂ ಹಾಲೆಂಡಿನ ಹಾರ್ಲಿಂಗನ್‌ನಲ್ಲಿ ಕೆಲಸ ನಡೆದಿದೆ, ಎರಡರಲ್ಲೂ ಹಳೆಯ ದುಡಿಮೆಯ ಗತ್ತು ಉಳಿದಿದೆ. ಡಚ್ ಯುದ್ಧನೌಕೆಯೊಂದರ ಒಡಲಿನ ಮೇಲೆ ಅಬುಧಾಬಿಯಲ್ಲಿ ಕಟ್ಟಿದ 141 ಮೀಟರಿನ ‘ಯಾಸ್’ ಇದಕ್ಕೆ ತದ್ವಿರುದ್ಧ. ಗಾಜಿನ ತಿಮಿಂಗಿಲದಂತಿರುವ ಅದರಲ್ಲಿ ಹಳೆ ಹಡಗನ್ನು ಗುರುತಿಸುವುದೇ ಕಷ್ಟ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಅಂತರರಾಷ್ಟ್ರೀಯ ನಿಯಮದಲ್ಲಿ 12 ಎಂಬುದು ಲಕ್ಷ್ಮಣರೇಖೆ. ಅತಿಥಿಗಳು ಹನ್ನೆರಡು ದಾಟಿದರೆ ಅದು ಪ್ರಯಾಣಿಕ ಹಡಗು, ನಿಯಮದ ಪುಸ್ತಕವೇ ಬೇರೆ. ಎಪ್ಪತ್ತು ಮೀಟರಿನ ಎಷ್ಟೋ ಯಾಟುಗಳಲ್ಲಿ ಆರೇ ಕೋಣೆ ಇರುವುದು ಇದಕ್ಕೆ. ಹಳೆಯ ಹಡಗಿಗೆ ಹಳೆಯ ನಿಯಮ ಸಾಕು ಎನ್ನುವುದೂ ಎಲ್ಲ ಕಡೆ ನಡೆಯದು. ದೊಡ್ಡ ಬದಲಾವಣೆ ಮಾಡಿದರೆ ಬದಲಾದ ಭಾಗ ಹೊಸ ನಿಯಮಕ್ಕೆ ತಲೆಬಾಗಬೇಕು. ಎಂಜಿನ್ ಕೋಣೆಯ ಗೋಡೆ ಒಂದು ಕಡೆ ಬೆಂಕಿ ಉರಿಯುತ್ತಿದ್ದರೂ 60 ನಿಮಿಷ ಇನ್ನೊಂದು ಕಡೆಯ ಶಾಖ ಮೊದಲಿದ್ದದ್ದಕ್ಕಿಂತ ಸರಾಸರಿ 140 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರದಂತೆ ತಡೆಯಬೇಕು. ಎಪ್ಪತ್ತರ ದಶಕದ ಹಡಗಾದರೆ ಗೋಡೆಯೊಳಗೆ ಆಸ್ಬೆಸ್ಟಾಸ್ ಅಡಗಿರಬಹುದು. ಅದನ್ನು ಮುಖವಾಡ ಹಾಕಿದ ಕೆಲಸಗಾರರು ಕೋಣೆ ಮುಚ್ಚಿಕೊಂಡು ತೆಗೆಯುತ್ತಾರೆ. 2011ರಿಂದ ಹಡಗುಗಳಿಗೆ ಹೊಸದಾಗಿ ಆಸ್ಬೆಸ್ಟಾಸ್ ಹಾಕುವಂತೆಯೇ ಇಲ್ಲ. ಶಬ್ದವೂ ದೊಡ್ಡ ಕೆಲಸ. ಗಣಿಯ ಸ್ಫೋಟಕ್ಕೆ ಕಿಟಕಿ ನಡುಗುವ ಊರಿನವರಿಗೆ ಸದ್ದು ಗೋಡೆಯೊಳಗೇ ಓಡುತ್ತದೆಂದು ಗೊತ್ತು. ಎಂಜಿನ್ನನ್ನು ರಬ್ಬರ್ ಗದ್ದುಗೆಯ ಮೇಲೆ ಕೂರಿಸಿ, ಕೋಣೆಯ ನೆಲವನ್ನು ಉಕ್ಕಿಗೆ ತಾಗದಂತೆ ಉಣ್ಣೆಯಂಥ ಹಾಸಿನ ಮೇಲೆ ತೇಲಿಸುತ್ತಾರೆ.

ಇಷ್ಟು ಹೇಳುವ ಹೊತ್ತಿಗೆ ಕತ್ತಲಾಗಿತ್ತು. ಕಾಕಾ ಮತ್ತೆ ಫೋನು ತೆಗೆದುಕೊಂಡು ಎರಡನೇ ಚಿತ್ರ ನೋಡಿದರು. “ಇಷ್ಟೆಲ್ಲಾ ಖರೇ. ಡ್ರೈವರ್ ಕ್ಲೀನರ್ ಎಲ್ಲಿ ಮಲಗ್ತಾರ?”

ಈ ಪ್ರಶ್ನೆಯನ್ನು ನನ್ನ ಮುಂದೆ ಹಡಗಿನ ಯಾವ ಮಾಲೀಕರೂ ಮೊದಲು ಕೇಳಿದ್ದಿಲ್ಲ. ಕೆಲಸದ ಹಡಗಿನಲ್ಲಿ ಇರುವ ಕೋಣೆಯೆಲ್ಲ ಸಿಬ್ಬಂದಿಯದೇ, ಕಿಟಕಿಯೂ ಅವರದೇ. ಯಾಟ್ ಆದಾಗ ಆ ಮೇಲಿನ ಜಾಗ ಅತಿಥಿಗಳಿಗೆ ಹೋಗುತ್ತದೆ, ಅತಿಥಿಗಳಿಗಿಂತ ಹೆಚ್ಚಿರುವ ಸಿಬ್ಬಂದಿ ಕೆಳಗಿಳಿಯುತ್ತಾರೆ. ಸಿಮೆಂಟ್ ಟ್ಯಾಂಕು ತೆಗೆದ ಜಾಗದಲ್ಲೇ ಅವರ ಕೋಣೆಗಳನ್ನು ಮೂಡಿಸುವುದೂ ಉಂಟು. 2013ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕ ಒಪ್ಪಂದ ಅವರಿಗೊಂದು ಅಳತೆ ಕೊಟ್ಟಿದೆ: 3,000 ಟನೇಜ್‌ಗಿಂತ (ಟನೇಜ್ ಎಂದರೆ ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಚಿಕ್ಕ ಹಡಗಿನಲ್ಲಿ ಒಬ್ಬರ ಕೋಣೆಗೆ ಕನಿಷ್ಠ 4.5 ಚದರ ಮೀಟರ್ ನೆಲ. ಬೆಳಕು, ಗಾಳಿಗೂ ನಿಯಮವಿದೆ. ನಾನು ನಕ್ಷೆ ಪರಿಶೀಲಿಸುವಾಗ ಸ್ಥಿರತೆಯ ಪುಟ ಮುಗಿಸಿ ಮೊದಲು ತಿರುಗಿಸುವುದು ಆ ಕೆಳಗಿನ ಅಂತಸ್ತಿನ ಹಾಳೆಯನ್ನೇ.

ನಾಲ್ಕೂವರೆ ಚದರ ಮೀಟರ್ ಅಂದರೆ ಎಷ್ಟು ಎಂದು ಕಾಕಾ ಕೇಳಿದರು. ಅವರು ಕೂತಿದ್ದ ಹೊರಸನ್ನು ತೋರಿಸಿ, ಇಂಥ ಎರಡೂವರೆ ಹಿಡಿಯುವಷ್ಟು ಎಂದೆ. ಅವರು ಹೊರಸಿನ ಅಂಚಿಗೆ ಗೇಣು ಹಾಕಿ ಅಳೆದರು. “ನಮ್ಮ ಗಾಡಿ ಕ್ಯಾಬಿನ್‌ಕ್ಕಿಂತ ದೊಡ್ಡದದ,” ಅಂದು, ಒಳಗಿದ್ದ ಕಾಕಿಗೆ ಚಹಾ ಇಡಲು ಹೇಳಿದರು.